ವಿನಿಪೆಗ್‌ನ ನೆಲಮಾಳಿಗೆಯಿಂದ

ವಿನಿಪೆಗ್
ಭಾನುವಾರ, ಜನವರಿ 25

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಹೊರಗೆ ಮೈನಸ್ 28 ಇದೆ, ಮನೆಯೊಳಗೆ ಬೆಚ್ಚಗಿದೆ. ಅವ್ವ ಗಾಬರಿಯಾಗುವುದು ಬೇಡ.

ಹೋದ ವಾರ ನೀವು ಫೋನಿನಲ್ಲಿ ಕೇಳಿದ್ದು ನೆನೆದರೆ ಈಗಲೂ ನಗು ಬರುತ್ತದೆ. "ಹಿಂದಿನಿಂದ ಯಾವಾಗಲೂ ಗರಗಸದ ಸಪ್ಪಳ ಬರ್ತದಲ್ಲ, ನಿಮ್ಮ ಮನಿ ಮಾಲೀಕ ಬಡಿಗತನ ಮಾಡ್ತಾನೇನು?" ಅದು ಗಿಟಾರು ಅಪ್ಪ! ನಿಮ್ಮ ಭಾನುವಾರ ಬೆಳಗು ನಮಗೆ ಶನಿವಾರ ರಾತ್ರಿ. ಆ ಹೊತ್ತಿಗೆ ಕೆಳಗಿನ ನೆಲಮಾಳಿಗೆಯಲ್ಲಿ ಮಾಲೀಕರು, ಅವರ ಮಗಳು, ಅವರ ಹಳೆಯ ಗೆಳೆಯ ಸೇರಿ ರೆಕಾರ್ಡು ಹಾಕುತ್ತಾ ಜಗಳಾಡುತ್ತಿರುತ್ತಾರೆ. ಜಗಳವೆಲ್ಲ ಒಬ್ಬ ಮನುಷ್ಯನ ಸಲುವಾಗಿ. ಹೆಸರು ನೀಲ್ ಯಂಗ್, ಗಿಟಾರು ಹಿಡಿದು ಹಾಡುವ ರಾಕ್ ಹಾಡುಗಾರ. ಈ ಚಳಿಗಾಲದಿಂದ ಆ ಜಗಳದಲ್ಲಿ ನಾನೂ ಇದ್ದೇನೆ.

ಹುಟ್ಟಿದ್ದು ಇದೇ ಕೆನಡಾದ ಟೊರಾಂಟೊದಲ್ಲಿ, 1945ರಲ್ಲಿ. ಐದು ವರ್ಷಕ್ಕೇ ಪೋಲಿಯೊ. ಅಪ್ಪ ಅವ್ವ ಬೇರೆಯಾದ ಮೇಲೆ ತಾಯಿಯೊಂದಿಗೆ ಈ ಊರಿಗೆ ಬಂದ. ಓದಿದ ಕೆಲ್ವಿನ್ ಹೈಸ್ಕೂಲು ಇಲ್ಲೇ ಇದೆ, ಹಾಗಾಗಿ ಮಾಲೀಕರಿಗೆ ಅವನು "ನಮ್ಮ ಹುಡುಗ". ಎಂಬತ್ತು ದಾಟಿದರೂ ಹುಡುಗನೇ! ಆಗ ಕಟ್ಟಿದ ತಂಡದ ವಾದ್ಯಗಳನ್ನು ಸಾಗಿಸಲು ಹೆಣ ಒಯ್ಯುವ ಹಳೆಯ ಬ್ಯುಯಿಕ್ ಗಾಡಿ ಕೊಂಡಿದ್ದನಂತೆ. ಶವಪೆಟ್ಟಿಗೆ ಜಾರಿಸಲು ಅದರೊಳಗೆ ಉರುಳೆಗಳಿರುತ್ತವಲ್ಲ, ಭಾರದ ಸ್ಪೀಕರುಗಳನ್ನು ಇಳಿಸಲು ಅನುಕೂಲವಾಗುತ್ತಿತ್ತಂತೆ. ಅವ್ವಗೆ ಇದನ್ನು ಓದಿ ಹೇಳಬೇಡಿರಿ.

1972ರಲ್ಲಿ 'ಹಾರ್ವೆಸ್ಟ್' ಬಂತು. ಇಂಪಾದ, ತಣ್ಣನೆಯ ಹಾಡುಗಳು. ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ ಅದೇ. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಮತ್ತೆ ಮತ್ತೆ ಕಾಸಿ ಬಡಿಸುತ್ತಿದ್ದರು. ಇವನು, ರಸ್ತೆಯ ನಡುವೆ ಹೋಗಿ ಹೋಗಿ ಬೇಸರವಾಯಿತು, ಪಕ್ಕದ ಗಟಾರಿಗೆ ಇಳಿದೆ, ಅಲ್ಲಿ ಹೆಚ್ಚು ಸ್ವಾರಸ್ಯದ ಜನ ಸಿಕ್ಕರು ಎಂಬರ್ಥದ ಮಾತು ಆಮೇಲೆ ಬರೆದ. 1972ರ ನವೆಂಬರಿನಲ್ಲಿ ಅವನ ಗಿಟಾರ್ ಜೊತೆಗಾರ ಡ್ಯಾನಿ ವಿಟನ್ ಮಾದಕ ವ್ಯಸನಕ್ಕೆ ಬಲಿಯಾದ. ಆ ದುಃಖದಲ್ಲೇ ಮರುವರ್ಷ 'ಟುನೈಟ್ಸ್ ದ ನೈಟ್' ಧ್ವನಿಮುದ್ರಣವಾಯಿತು. ದನಿ ಒಡೆದಿದೆ, ಶ್ರುತಿ ಅಲ್ಲಲ್ಲಿ ಜಾರಿದೆ, ಯಾರೂ ತಿದ್ದಲು ಹೋಗಿಲ್ಲ. ಅದು ಹೊರಬಂದದ್ದು 1975ರಲ್ಲಿ. ಅದಕ್ಕಾಗಿ 'ಹೋಮ್‌ಗ್ರೋನ್' ಎಂಬ ಇನ್ನೊಂದು ಆಲ್ಬಮನ್ನು ಸಿದ್ಧವಾಗಿದ್ದರೂ ಪೆಟ್ಟಿಗೆಗೆ ಹಾಕಿದ. ಅದು ಜನರ ಕೈಗೆ ಬಂದದ್ದು 2020ರಲ್ಲಿ. ನಲವತ್ತೈದು ವರ್ಷ!

ಮಾಲೀಕರಿಗೆ ಆ ಒಡೆದ ದನಿಯೇ ದೇವರು. ಮಗಳಿಗೆ 'ಹಾರ್ವೆಸ್ಟ್' ಸಾಕು, ಅಪ್ಪನ ಪಂಥದವರೆಲ್ಲ ಅಳುಬುರುಕರು ಎನ್ನುತ್ತಾಳೆ. ಗೆಳೆಯರದು ಇನ್ನೂ ವಿಚಿತ್ರ, ಅವರು 'ಟ್ರಾನ್ಸ್' ಭಕ್ತರು. 1982ರ ಈ ಆಲ್ಬಮಿನಲ್ಲಿ ಅವನು ಯಂತ್ರದ ಮೂಲಕ ಹಾಡಿದ್ದಾನೆ, ಕೇಳಿದರೆ ರೋಬೋ ಮಾತಾಡಿದಂತಿದೆ. ಆಗ ಜನ ತಲೆ ಕೆಟ್ಟಿದೆ ಅಂದರು. ಅವನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇತ್ತು, ಮಾತು ಬರುತ್ತಿರಲಿಲ್ಲ. ಆ ಮಗನನ್ನು ಮುಟ್ಟಲು ಮಾಡಿದ ಯತ್ನ ಅದು ಎಂದು ಆಮೇಲೆ ಹೇಳಿದ. ಮೊದಲ ಸಲ ನಾನೂ ನಕ್ಕಿದ್ದೆ. ಇದು ಗೊತ್ತಾದ ಮೇಲೆ ಮತ್ತೆ ಹಾಕಿಸಿಕೊಂಡು ಕೇಳಿದೆ, ನಗು ಬರಲಿಲ್ಲ.

ಈಗ ನಿಮಗಾಗಿ ಕಾಯ್ದಿಟ್ಟ ಸಂಗತಿ. 'ಟ್ರಾನ್ಸ್' ಬಂದ ಮರುವರ್ಷ ಐವತ್ತರ ದಶಕದ ಕುಣಿತದ ಧಾಟಿಯಲ್ಲಿ ಇಪ್ಪತ್ತೈದು ನಿಮಿಷದ ಒಂದು ಆಲ್ಬಂ ಮಾಡಿದ. (ಅದು ನನಗೆ ಹಿಡಿಸಲಿಲ್ಲ, ನೆಲಮಾಳಿಗೆಯಲ್ಲೂ ಯಾರೂ ಅದರ ಪರ ವಹಿಸುವುದಿಲ್ಲ.) ಅವನ ರೆಕಾರ್ಡ್ ಕಂಪನಿ ಗೆಫೆನ್ ಕೋರ್ಟಿಗೆ ಹೋಯಿತು. ಕೇಳಿದ್ದು 33 ಲಕ್ಷ ಡಾಲರ್. ತಕರಾರು ಏನು ಗೊತ್ತೇ? ಈತನ ಹಾಡುಗಳು ಈತನ ಹಿಂದಿನ ಹಾಡುಗಳಂತೆ ಇಲ್ಲ! ಇಷ್ಟು ವರ್ಷ ಶಿರಸ್ತೇದಾರರಾಗಿದ್ದ ನೀವು ಇಂಥ ದಾವೆ ನೋಡಿದ್ದೀರಾ? ಕೊನೆಗೆ ರಾಜಿಯಾಯಿತು.

ಆದರೆ ಧಾರವಾಡದ ನಮ್ಮ ಜಗಲಿಯ ಮೇಲೂ ಇದೇ ದಾವೆ ನಡೆಯುತ್ತಿತ್ತಲ್ಲ ಅಪ್ಪ. ಕುಮಾರ ಗಂಧರ್ವರ ನಿರ್ಗುಣ ಭಜನೆ ಹಚ್ಚಿದ ಕೂಡಲೇ ಪಕ್ಕದ ಮನೆ ಕಾಕಾ, "ಘರಾಣೆ ಬಿಟ್ಟಾಂವ" ಅಂತ ಎದ್ದು ಹೋಗುತ್ತಿದ್ದರು. ಮರುದಿನ ಚಹಾದ ಹೊತ್ತಿಗೆ ಮತ್ತೆ ಹಾಜರು. ಇಲ್ಲಿಯೂ ಅಷ್ಟೇ, ಒಪ್ಪಿಗೆಯಾಗದ್ದಕ್ಕೇ ಇವರು ನಲವತ್ತು ವರ್ಷದಿಂದ ಬಂದು ಕೂರುತ್ತಿದ್ದಾರೆ. ಹೊಸದು ಬರುತ್ತದೆ ಎಂದರೆ "ಈ ಸಲ ಏನು ಮಾಡಿರಬಹುದು" ಎಂಬ ಕುತೂಹಲದಲ್ಲಿ ಮೂವರ ಮುಖವೂ ಮಕ್ಕಳದಾಗುತ್ತದೆ.

ನೀವು ಕೇಳಿದ ಗರಗಸ ನೀಲ್ ಯಂಗ್‌ನ 1953ರ ಕಪ್ಪು ಬಣ್ಣದ ಲೆಸ್ ಪಾಲ್ ಗಿಟಾರು. 'ಸಿನಮನ್ ಗರ್ಲ್' ಎಂಬ ಹಾಡಿನ ನಡುವೆ ಹೆಚ್ಚುಕಡಿಮೆ ಒಂದೇ ಸ್ವರವನ್ನು ಹಿಡಿದು ಬಾರಿಸುತ್ತಾನೆ. ಷಡ್ಜ ಹಚ್ಚಿದ್ದರಲ್ಲೇ ಗವಾಯಿಯನ್ನು ಅಳೆಯುವ ನಿಮಗೆ ಇದು ಹಿಡಿಸಬಹುದು. ತೊಂಬತ್ತರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನ ರಾಕ್ ಹುಡುಗರು ಈ ಒರಟು ನಾದಕ್ಕಾಗಿಯೇ ಅವನನ್ನು ಹಿರಿಯನೆಂದು ಒಪ್ಪಿದರು. ಅವರದೇ ಪರ್ಲ್ ಜ್ಯಾಮ್ ತಂಡದೊಂದಿಗೆ 1995ರಲ್ಲಿ ಒಂದು ಆಲ್ಬಮನ್ನೂ ಮಾಡಿದ. 'ಆರ್ಕ್' ಅಂತ ಇನ್ನೊಂದಿದೆ, ಮೂವತ್ತೈದು ನಿಮಿಷ ಬರೀ ಗಿಟಾರಿನ ಕಿರುಚಾಟ. ರಾತ್ರಿ ಬಹಳವಾಯಿತು, ಎಲ್ಲರೂ ಏಳಿ ಎನ್ನಲು ಮಾಲೀಕರು ಅದನ್ನು ಹಾಕುತ್ತಾರೆ.

ನಿನ್ನೆ ಅವರು 'ಎ ಲೆಟರ್ ಹೋಮ್' ತೆಗೆದರು. 2014ರದು. ನ್ಯಾಶ್‌ವಿಲ್‌ನಲ್ಲಿ ಜ್ಯಾಕ್ ವೈಟ್ ಎಂಬ ಸಂಗೀತಗಾರನ ಬಳಿ 1947ರ ಒಂದು ಡಬ್ಬಿ ಇದೆ, ಟೆಲಿಫೋನ್ ಬೂತಿನಷ್ಟು ಇಕ್ಕಟ್ಟು. ಒಳಗೆ ನಿಂತು ಹಾಡಿದರೆ ಅಲ್ಲೇ ರೆಕಾರ್ಡು ಕೆತ್ತಿಕೊಡುತ್ತದೆ. ನೀಲ್ ಯಂಗ್ ಅದರೊಳಗೆ ಗಿಟಾರು ಹಿಡಿದು ನಿಂತು ಬೇರೆಯವರ ಹಳೆಯ ಹಾಡುಗಳನ್ನು ಹಾಡಿದ್ದಾನೆ. ನಮ್ಮ ಅಟ್ಟದ ರೇಡಿಯೊದಂತೆ ಪೂರ್ತಿ ಗರಗರ. ಆದರೆ ಹಾಡಿಗೂ ಮೊದಲು ಅವ್ವನೊಂದಿಗೆ ಮಾತಾಡುತ್ತಾನೆ. ಆಕೆ 1990ರಲ್ಲೇ ತೀರಿಕೊಂಡಿದ್ದಾರೆ. ಅಪ್ಪನೂ ಈಗ ಅಲ್ಲೇ ಇದ್ದಾನಲ್ಲ, ಅವನೊಂದಿಗೆ ಮತ್ತೆ ಮಾತು ಶುರುಮಾಡು ಎಂದು ತಾಯಿಗೆ ಹೇಳುತ್ತಾನೆ. ಮಾಲೀಕರ ಮಗಳು ಎದ್ದು ಮೇಲೆ ಹೋದಳು. ನಾನು ಕೂತೇ ಇದ್ದೆ.

ಮುಂದಿನ ವಾರ ಒಂಬತ್ತಕ್ಕೆ ಫೋನು ಮಾಡಿರಿ, ಅವ್ವನ ಪೂಜೆ ಮುಗಿದಿರಲಿ. ಫೋನನ್ನು ರೆಕಾರ್ಡಿನ ಹತ್ತಿರ ಹಿಡಿಯುತ್ತೇನೆ, ಆ ಒಂದು ಸ್ವರ ಕೇಳಿ ಬೈಯಬೇಕೆನಿಸಿದರೆ ಬೈಯಿರಿ. ಶೇಂಗಾ ಚಟ್ನಿಪುಡಿ ತಳ ಕಂಡಿದೆ. ಅರ್ಧ ನೆಲಮಾಳಿಗೆಯಲ್ಲೇ ಖರ್ಚಾಯಿತು, 'ಟ್ರಾನ್ಸ್' ಭಕ್ತರು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ.

ನಿಮ್ಮ ಪ್ರೀತಿಯ ಮಗಳು