ಬಾವಲಿ ಎಬ್ಬಿಸಿ ರೀಲ್ಸ್ ಮಾಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ. ಸಂಡೆ ಬಂತಂದ್ರ ಹುಬ್ಬಳ್ಳಿಯಿಂದ ಬಾದಾಮಿಗೆ ಬೈಕ್ ಹತ್ತೋ ಹುಡುಗ್ರಿಗೆ ಒಂದ್ ಮಾತು. ಅಲ್ಲಿ ಸಿಡಿಲಫಡಿ ಅನ್ನೋ ಬಂಡೆಗಲ್ಲಿನ ಆಸರೆಯೊಳಗ ಚಾಲುಕ್ಯರಕಿಂತ ಎಷ್ಟೋ ಮೊದಲಿನ ಮಂದಿ ಬಿಡಿಸಿದ ಚಿತ್ರ ಅದಾವ, ಅಂಥಾ ಕಲ್ಲಿನ ಮ್ಯಾಲ ಹೆಸರು ಕೆತ್ತಿ ಹಾರ್ಟ್ ಹಾಕೋದು ಯಾವ ಶಾಣ್ಯಾತನ್ರಿ? ಕತ್ತಲ ಗವಿಯೊಳಗ ಟಾರ್ಚ್ ಬಿಟ್ಟು ಬಾವಲಿ ಎಬ್ಬಿಸೋದಂತೂ ಇನ್ನೂ ಕೆಟ್ಟದ್ದು, ಅವು ಒಂದ್ ಸಲಕ್ಕ ಹೆಚ್ಚಾಗಿ ಒಂದ ಮರಿ ಹಾಕ್ತಾವ, ಗದ್ಲಕ್ಕ ತಾಯಿ ಹಾರಿದ್ರ ಮರಿ ಕೆಳಗ ಬೀಳತೈತಿ, ಹಿಕ್ಕಿ ನಂಬಿ ಬದುಕೋ ಹುಳಕ್ಕೂ ಕುತ್ತು. ಕೋಲಾರ ಜಿಲ್ಲೆ ಹನುಮನಹಳ್ಳಿಯ ಒಂದ ಗವಿಯೊಳಗ ಉಳದಿರೋ ಬಾವಲಿ ಜಾತಿ ಈಗ ಜಗತ್ತಿನ್ಯಾಗ ಮತ್ತೆಲ್ಲೂ ಕಂಡಿಲ್ಲ! ನಮ್ಮ ಕಡೆ ಗುಡ್ಡದ ಗವಿಗಳನ್ನೂ ಪ್ರಾಣಿಶಾಸ್ತ್ರ, ಪುರಾತತ್ವದವರು ಕೂಡಿ ಸರ್ವೆ ಮಾಡ್ಲಿ, ಆಮ್ಯಾಲ ಬೇಕಾದ್ರ ಲೈಟು, ಮೆಟ್ಟಲ ಹಾಕ್ರಿ.

– ಒಬ್ಬ ಓದುಗ, ಹುಬ್ಬಳ್ಳಿ