ಬೇರೆಯವರ ಹಾಡು ರೆಕಾರ್ಡ್ ಮಾಡಿಸುವವರಿಗೆ: ಮುಂದಿನ ತಿಂಗಳಿಂದ ಒಂದು ಬದಲಾವಣೆ

ನಮಸ್ಕಾರ,

ಬೇರೆಯವರು ಬರೆದ ಹಾಡನ್ನು ನಮ್ಮ ಸ್ಟುಡಿಯೋದಲ್ಲಿ ಹಾಡಿ ಬಿಡುಗಡೆ ಮಾಡುವ ಯೋಚನೆ ನಿಮಗಿದ್ದರೆ, ಮುಂದಿನ ತಿಂಗಳಿಂದ ಲೈಸೆನ್ಸ್ ಅಥವಾ ಅನುಮತಿ ಪತ್ರ ನೋಡಿದ ಮೇಲೆಯೇ ಫೈನಲ್ ಮಿಕ್ಸ್ (ಪೂರ್ತಿ ತಯಾರಾದ ಹಾಡು) ಕೊಡುತ್ತೇವೆ. ಬುಕಿಂಗ್ ಮಾಡುವಾಗಲೇ ಸಾಹಿತ್ಯ ಯಾರದು, ಸಂಗೀತ ಯಾರದು ಅಂತ ಕೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ನಮಗೆ ಕೊಡುವ ದುಡ್ಡಿನಲ್ಲಿ ರಾಯಲ್ಟಿ ಸೇರಿಲ್ಲ. ಅದು ಬರೆದವರಿಗೂ ರಾಗ ಹಾಕಿದವರಿಗೂ ಬೇರೆಯಾಗಿ ಸಲ್ಲಬೇಕು. ಹಾಡು ಹೊರಗೆ ಬಂದ ಮೇಲೆ ಯಾರೋ ದೂರು ಕೊಟ್ಟು ತೆಗೆಸಿದರೆ ನಿಮ್ಮ ಖರ್ಚು, ಶ್ರಮ ಎರಡೂ ಹೋದಂತೆಯೇ.

ಎಲ್ಲರೂ ಎಡವುವುದು ಒಂದೇ ಕಡೆ. ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು, ಸಂಗೀತದ ಹಕ್ಕು ಇರುತ್ತವೆ, ಅದನ್ನು ಮೊದಲು ಹಾಡಿಸಿ ರೆಕಾರ್ಡ್ ಮಾಡಿದವರ ಹಕ್ಕು ಇನ್ನೊಂದು. ನೀವೇ ವಾದ್ಯ ನುಡಿಸಿ ಹೊಸದಾಗಿ ಹಾಡಿದರೆ ಈ ಮೂರನೆಯದು ನಿಮಗೆ ಬೇಕಿಲ್ಲ, ಮೊದಲಿನೆರಡು ಬೇಕೇ ಬೇಕು. ಆದರೆ ಎಲ್ಲಿಂದಲೋ ಇಳಿಸಿಕೊಂಡ ಕರೋಕೆ ಟ್ರ್ಯಾಕ್ ಪೆನ್‌ಡ್ರೈವಿನಲ್ಲಿ ತಂದು ಅದರ ಮೇಲೆ ಹಾಡಿದರೆ ಆ ಟ್ರ್ಯಾಕ್ ಮಾಡಿದವರನ್ನೂ ಕೇಳಬೇಕಾಗುತ್ತದೆ. ಸಾಹಿತ್ಯವನ್ನು ಬೇರೆ ಭಾಷೆಗೆ ತಿರುಗಿಸಿದರೆ, ಹಾಡಿಗೆ ವಿಡಿಯೋ ಸೇರಿಸಿದರೆ ಅದಕ್ಕೆ ಬೇರೆಯೇ ಅನುಮತಿ. ಕೆಳಗೆ ಕವಿಯ ಹೆಸರು ಹಾಕಿದ್ದೀವಲ್ಲ, ದುಡ್ಡೇನೂ ಮಾಡ್ತಿಲ್ಲವಲ್ಲ, ಬರೀ ಮೂವತ್ತು ಸೆಕೆಂಡ್ ಅಲ್ವಾ ಅಂತ ಕೇಳುತ್ತಾರೆ. ಹೆಸರು ಹಾಕುವುದು ಒಳ್ಳೆಯದೇ, ಆದರೆ ಅದು ಅನುಮತಿ ಅಲ್ಲ. ಮೂವತ್ತು ಸೆಕೆಂಡಿನ ನಿಯಮವಂತೂ ಸುಮ್ನೆ ಹುಟ್ಟಿಕೊಂಡ ಮಾತು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ಅನುಮತಿಯೊಂದಿಗೆ ರೆಕಾರ್ಡ್ ಆಗಿ ಹೊರಬಂದ ಮೇಲೆ, ನೋಟಿಸ್ ಕೊಟ್ಟು, ನಿಗದಿಯಾದ ರಾಯಲ್ಟಿ ಕಟ್ಟಿ ಯಾರು ಬೇಕಾದರೂ ಮತ್ತೆ ಹಾಡಬಹುದು, ಮೂಲ ರಾಗ ಕೆಡಿಸುವಂತಿಲ್ಲ ಅಷ್ಟೇ. ಭಾರತದಲ್ಲೂ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಿಂದ ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡುವುದಕ್ಕೆ, ಇಂಥದೇ ವ್ಯವಸ್ಥೆ ಇದೆ. ಆದರೆ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ರಾಯಲ್ಟಿ ಮುಂಗಡ ಕಟ್ಟಬೇಕು. ಕನಿಷ್ಠ ವರ್ಷಕ್ಕೆ 50,000 ಪ್ರತಿಗಳ ಲೆಕ್ಕದಲ್ಲಿ, ಸಣ್ಣ ತಂಡಗಳಿಗೆ ಇದು ಜಾಸ್ತಿಯೇ. ಅದಕ್ಕೇ ನಮ್ಮ ಸಲಹೆ, ಮೊದಲು ಹಕ್ಕುದಾರರಿಗೆ ನೇರವಾಗಿ ಒಂದು ಪತ್ರ ಬರೆದು ನೋಡಿ.

ಕವಿ ತೀರಿಕೊಂಡು ಎಷ್ಟೋ ಕಾಲವಾಯಿತು ಅನ್ನುವವರು ಇಸವಿ ಲೆಕ್ಕ ಹಾಕಿಕೊಂಡು ಬನ್ನಿ. ಸಾಹಿತ್ಯ, ಸಂಗೀತ ಎರಡೂ ಒಬ್ಬರದೇ ಆಗಿ, ಅವರು 1960ರಲ್ಲಿ ತೀರಿಕೊಂಡಿದ್ದರೆ ಭಾರತದಲ್ಲಿ ಅವರ ಹಕ್ಕು 2020ರ ಕೊನೆಗೆ ಮುಗಿದಿದೆ, ಇಲ್ಲಿ ಸಾವಿನ ನಂತರ 60 ವರ್ಷ. ಯುರೋಪಿನ ದೇಶಗಳಲ್ಲಿ 70 ವರ್ಷ, ಹಾಗಾಗಿ ಬರೆದವರು ಅಲ್ಲಿನವರಾಗಿದ್ದರೆ ಅದೇ ಹಾಡಿನ ಹಕ್ಕು ಅಲ್ಲಿ 2030ರ ಕೊನೆಯವರೆಗೂ ಉಳಿಯಬಹುದು. ನೆಟ್‌ನಲ್ಲಿ ಹಾಕಿದ ಹಾಡು ಎರಡೂ ಕಡೆ ಕೇಳುತ್ತದೆ! ಜನಪದ ಹಾಡಿಗೆ ಯಾರನ್ನೂ ಕೇಳಬೇಕಿಲ್ಲ, ಆದರೆ ಅದಕ್ಕೆ ಇತ್ತೀಚೆಗೆ ಯಾರೋ ಕಟ್ಟಿದ ಹೊಸ ಸಂಗೀತ ಬಳಸುತ್ತಿದ್ದರೆ ಅವರನ್ನು ಕೇಳಿ.

ಪತ್ರ ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ನಮ್ಮಲ್ಲಿ ಒಂದು ಮಾದರಿ ಇದೆ, ಬುಕಿಂಗ್ ಸಮಯದಲ್ಲಿ ಕೇಳಿ ಪಡೆಯಿರಿ. ಉತ್ತರ ಬರುವುದು ತಡವಾದರೆ ನಿಮ್ಮ ದಿನಾಂಕವನ್ನು ಮುಂದಕ್ಕೆ ಹಾಕಿಕೊಡುತ್ತೇವೆ, ಅದಕ್ಕೆ ಹೆಚ್ಚಿನ ಶುಲ್ಕವಿಲ್ಲ.

ಇಂತಿ,
ಸ್ಟುಡಿಯೋ ಬಳಗ