97ಕ್ಕೆ ನಿಂತ ಆಟ

ಎಲ್ಲರಿಗೂ ನಮಸ್ಕಾರ.

ಹೋದ ವಾರ ನಮ್ಮ ಕನ್ನಡ ತರಗತಿಯ ಹುಡುಗನೊಬ್ಬ ಕೇಳಿದ, "ಅಂಕಲ್, ನಿಮಗೆ ತುಂಬಾ ಇಷ್ಟವಾದ ಸೆಂಚುರಿ ಯಾವುದು?" ನನಗೆ ಥಟ್ಟನೆ ನೆನಪಾದದ್ದು ಸೆಂಚುರಿಯೇ ಅಲ್ಲ. ನಮ್ಮ ಕರ್ನಾಟಕದ ಬ್ಯಾಟ್ಸ್‌ಮನ್ ಜಿ. ಆರ್. ವಿಶ್ವನಾಥ್, ಅಂದರೆ ಎಲ್ಲರ ಪ್ರೀತಿಯ 'ವಿಶಿ', ಅವರ ಔಟಾಗದ 97.

1975ರ ಜನವರಿ, ಮದ್ರಾಸಿನ ಚೆಪಾಕ್ ಮೈದಾನದಲ್ಲಿ ಟೆಸ್ಟ್ ಪಂದ್ಯ. ಎದುರಿಗೆ ವೆಸ್ಟ್ ಇಂಡೀಸ್‌ನ ವೇಗದ ಬೌಲರ್ ಆ್ಯಂಡಿ ರಾಬರ್ಟ್ಸ್. ಆ ಇನ್ನಿಂಗ್ಸ್‌ನಲ್ಲಿ ಅವರು ಕಿತ್ತದ್ದು 7 ವಿಕೆಟ್. ಉಳಿದವರಿಗೆ ಎದೆಮಟ್ಟಕ್ಕೆ ಬರುವ ಚೆಂಡು ನಮ್ಮ ಕುಳ್ಳಗಿನ ವಿಶಿಗೆ ಹೆಗಲ ಹತ್ತಿರ ಬರುತ್ತಿತ್ತು. ಅವರು ತುದಿಗಾಲಲ್ಲಿ ನಿಂತು, ಚೆಂಡು ಇನ್ನೇನು ದಾಟಿಹೋಯಿತು ಅನ್ನುವಾಗ ಮಣಿಕಟ್ಟು ತಿರುಗಿಸಿ ಅದನ್ನು ಪಕ್ಕಕ್ಕೆ ಅಟ್ಟುವ ಸ್ಕ್ವೇರ್ ಕಟ್ ಹೊಡೆಯುತ್ತಿದ್ದರು. ತಂಡದ ಮೊತ್ತ 190. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಬ್ಯಾಟಿನದು! ಕೊನೆಯ ಆಟಗಾರ ಚಂದ್ರಶೇಖರ್ ಔಟಾದಾಗ ವಿಶಿ ಸೆಂಚುರಿಗೆ ಇನ್ನು ಮೂರೇ ರನ್ ಬೇಕಿತ್ತು. ಆದರೆ ಪಂದ್ಯ ನಾವು 100 ರನ್‌ಗಳಿಂದ ಗೆದ್ದೆವು.

ವಿಶಿ ಭದ್ರಾವತಿಯಲ್ಲಿ 1949ರ ಫೆಬ್ರುವರಿ 12ರಂದು ಹುಟ್ಟಿದವರು. ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಯ ತಮ್ಮ ಮೊದಲ ಪಂದ್ಯದಲ್ಲೇ 230 ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನ್ನಿಂಗ್ಸ್‌ನಲ್ಲಿ 137 ಹೊಡೆದರು. ಒಟ್ಟು 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ನಮ್ಮವರಿಗೆ ಇನ್ನೂ ಹತ್ತಿರದ್ದು 1974ರ ರಣಜಿ ಸೆಮಿಫೈನಲ್. ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಕರ್ನಾಟಕ ಬೆಂಗಳೂರಿನಲ್ಲೇ ಹೊರಗೆ ಕಳಿಸಿತು. ವಿಶಿ 162 ಹೊಡೆದಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಕೇಳಿದ, "ಅವರು ಕ್ಯಾಪ್ಟನ್ ಆಗಿರಲಿಲ್ವಾ?" ಆಗಿದ್ದರು, ಎರಡೇ ಟೆಸ್ಟ್‌ಗೆ. 1980ರಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಟೆಸ್ಟ್ ಅದರಲ್ಲೊಂದು. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಆಗ ಅವರ ಬಾಬ್ ಟೇಲರ್ ಬ್ಯಾಟಿಗೆ ಚೆಂಡು ತಾಗಿ ಕ್ಯಾಚ್ ಆಯಿತು, ಔಟ್ ಎಂದು ಅಂಪೈರ್ ತೀರ್ಪು ಕೊಟ್ಟರು. ಚೆಂಡು ತಾಗಿಯೇ ಇಲ್ಲ ಎಂದು ವಿಶಿಗೆ ಅನ್ನಿಸಿತು. ಅವರೇ ಟೇಲರ್‌ರನ್ನು ವಾಪಸ್ ಕರೆಸಿದರು. ಟೇಲರ್, ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ ಸೋತಿತು.

ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಕೇಳಿದ, "ಸೋತರೂ ಪರವಾಗಿಲ್ಲ ಅಂತ ಕರೆದ್ರಾ?" ಹೌದು ಮರಿ ಎಂದೆ.

ನಮ್ಮ ಸಂಘದಲ್ಲಿ ಅಂದಿನ ಕಾಮೆಂಟರಿಯನ್ನು ರೇಡಿಯೋಗೆ ಕಿವಿ ಹಚ್ಚಿ ಕೇಳಿದ ಹಿರಿಯರಿದ್ದೀರಿ, ಅಲ್ವಾ? ವಿಶಿ ಆಟದ ನಿಮ್ಮ ನೆನಪು ಬರೆದು ಕಳಿಸಿ, ನಾಲ್ಕೇ ಸಾಲಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ.

- ಸಂಪಾದಕ